ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್) ಆಪರೇಷನ್ ಆಗಿ 6 ತಿಂಗಳು. 20ರೊಳಗಿನವರ ರಾಷ್ಟ್ರೀಯ ಫುಟ್‌ಬಾಲ್ ಕ್ಯಾಂಪ್‌ಗೆ ಕರೆ ಬಂದಿದೆ, ಹೋಗಲಾ?

ಹೋಗಬೇಡ ತಂಗಿ. ನಾನು ನಿನಗಿಂತ ತುಂಬಾ ದೊಡ್ಡವಳು, ಅದಕ್ಕೇ ನೀನು ಅಂತ ಬರೆಯುತ್ತಿದ್ದೇನೆ.

ನಿನಗೆ 18 ವರ್ಷ, ಮಿಡ್‌ಫೀಲ್ಡರ್, ಡಾಕ್ಟರ್ 9 ತಿಂಗಳು ಕಾಯಿ ಅಂತಾರೆ, ಕೋಚ್ ಬಂದುಬಿಡು ಅಂತಾರೆ. ನನಗೂ ಹೀಗೇ ಆಗಿತ್ತು, ಆಗ ನನಗೆ 19. ಎರಡು ವರ್ಷಕ್ಕೊಮ್ಮೆ ಬರುವ 20ರೊಳಗಿನವರ ವಿಶ್ವಕಪ್, ಮುಂದಿನ ಸಲಕ್ಕೆ ವಯಸ್ಸು ಮೀರಿರುತ್ತೆ ಅನ್ನುವುದು ಒಂದೇ ತಲೆಯಲ್ಲಿ.

ಕ್ಯಾಂಪ್‌ಗೆ ಮೊದಲು ಹಾಪ್ ಟೆಸ್ಟ್ ಇತ್ತು. ಒಂಟಿ ಕಾಲಲ್ಲಿ ನಿಂತು, ಅದೇ ಕಾಲಲ್ಲಿ ಮುಂದಕ್ಕೆ ಹಾರಬೇಕು, ಟೇಪ್ ಹಿಡಿದು ಅಳೆಯುತ್ತಾರೆ. ಆಮೇಲೆ ಇನ್ನೊಂದು ಕಾಲು. ಆಪರೇಷನ್ ಆದ ಕಾಲು, ಚೆನ್ನಾಗಿರುವ ಕಾಲಿನ ಶೇ. 90ರಷ್ಟಾದರೂ ಹಾರಬೇಕು ಅನ್ನುವುದು ಲೆಕ್ಕ. ಹಿಂದಿನ ದಿನ ರೂಮಲ್ಲಿ ಒಬ್ಬಳೇ ಹಾರಿ ನೋಡಿದ್ದೆ. ಬಲಗಾಲು 150 ಸೆಂಟಿಮೀಟರ್, ಆಪರೇಷನ್ ಆದ ಎಡಗಾಲು 118. ಅಂದರೆ ಶೇ. 79. ಟೆಸ್ಟ್ ದಿನ ಬಲಗಾಲಲ್ಲಿ ಬೇಕಂತಲೇ 130ಕ್ಕೆ ನಿಲ್ಲಿಸಿದೆ. ಎಡಗಾಲಲ್ಲಿ ಅದೇ 118. ಫಿಸಿಯೋ ಹಾಳೆಯಲ್ಲಿ 91 ಅಂತ ಬರೆದುಕೊಂಡು, ಬೆನ್ನು ತಟ್ಟಿ ಕಳಿಸಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಆಗ ಇದು ಸುಳ್ಳು ಅಂತಲೇ ನನಗೆ ಅನ್ನಿಸಿರಲಿಲ್ಲ. ನೋವು ಇರಲಿಲ್ಲ, ಊತ ಇರಲಿಲ್ಲ, ನೇರ ಓಡುತ್ತಿದ್ದೆ, ಪಾಸ್ ಮೊದಲಿನ ಹಾಗೇ ಹೋಗುತ್ತಿತ್ತು. ಗುಣವಾಗಿದೆ, ಈ ಟೆಸ್ಟ್‌ಗೆ ಮಾತ್ರ ಅದು ಕಾಣುತ್ತಿಲ್ಲ ಅಂತ ನಂಬಿದ್ದೆ. ಆದರೆ ಒಳಗೆ ಕೂರಿಸಿದ್ದು ನನ್ನದೇ ತೊಡೆಯ ಹಿಂಭಾಗದಿಂದ ತೆಗೆದ ಸ್ನಾಯುರಜ್ಜು. ಅದನ್ನು ದೇಹ ನಿಧಾನವಾಗಿ ಲಿಗಮೆಂಟ್ ಥರ ಮಾಡಿಕೊಳ್ಳಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಅದು ಮುಗಿಯುವ ಎಷ್ಟೋ ಮೊದಲೇ ನೋವು ಹೋಗಿರುತ್ತೆ. ಆ 32 ಸೆಂಟಿಮೀಟರ್ ಏನು ಗೊತ್ತಾ? ಬರೀ ದೂರ ಅಲ್ಲ, ನೆಲಕ್ಕೆ ಬಿದ್ದಾಗ ಮಂಡಿಯನ್ನು ಹಿಡಿದುಕೊಳ್ಳಬೇಕಾದ ತೊಡೆಯ ಶಕ್ತಿ ಇನ್ನೂ ಅಷ್ಟು ಕಮ್ಮಿ ಇತ್ತು ಅಂತ. ಬಲಗಾಲನ್ನು ತಡೆದಿದ್ದರಿಂದ ಎಡಗಾಲಿಗೆ ಒಂದು ಚೂರೂ ಬಲ ಬರಲಿಲ್ಲ. ನನ್ನನ್ನು ಕಾಪಾಡಬಹುದಾಗಿದ್ದ ಒಂದೇ ಅಂಕಿಯನ್ನು ನಾನೇ ಅಳಿಸಿಬಿಟ್ಟೆ.

ಕ್ಯಾಂಪ್‌ನ ಎರಡನೇ ಅಭ್ಯಾಸ ಪಂದ್ಯ. ಹಿಂದೆ ಯಾರಿದ್ದಾರೆ ಅಂತ ಭುಜದ ಮೇಲಿಂದ ಒಮ್ಮೆ ನೋಡಿದೆ, ಯಾರೂ ಇರಲಿಲ್ಲ. ಬಾಲ್ ಬಂತು. ಎಡಗಾಲು ಊರಿ ತಿರುಗಿದೆ, ಸಾವಿರ ಸಲ ತಿರುಗಿದ ಹಾಗೇ. ಪಾದ ಹುಲ್ಲಿನಲ್ಲೇ ಉಳಿಯಿತು, ಮಂಡಿ ಒಳಕ್ಕೆ ಬಾಗಿತು, ಟಕ್ ಅಂತ ಸದ್ದು. ಯಾರೂ ಮುಟ್ಟಿರಲಿಲ್ಲ. ಎಸಿಎಲ್ ಬಹಳಷ್ಟು ಸಲ ಹೋಗುವುದು ಹೀಗೇ, ಅದೂ ಫುಟ್‌ಬಾಲ್‌ನಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಎರಡು ಮೂರು ಪಟ್ಟು ಜಾಸ್ತಿ.

ಎರಡನೇ ಆಪರೇಷನ್‌ನಲ್ಲಿ ಮೆನಿಸ್ಕಸ್‌ನ, ಅಂದರೆ ಮಂಡಿಯೊಳಗೆ ಮೆತ್ತೆಯ ಹಾಗಿರುವ ಮೃದ್ವಸ್ಥಿಯ, ಒಂದು ತುಂಡನ್ನೂ ತೆಗೆದರು. ಒಂದು ವರ್ಷದ ಮೇಲೆ ಕ್ಲಬ್‌ಗೆ ವಾಪಸ್ ಬಂದೆ, ಆದರೆ ಬಾಲ್ ಬಂದಾಗ ತಿರುಗುವುದನ್ನೇ ಬಿಟ್ಟಿದ್ದೆ. ಮೊದಲ ಟಚ್‌ಗೇ ಹಿಂದಕ್ಕೆ, ಡಿಫೆಂಡರ್‌ಗೆ ಪಾಸ್. ತಿರುಗದ ಮಿಡ್‌ಫೀಲ್ಡರ್ ಯಾವ ತಂಡಕ್ಕೆ ಬೇಕು ಹೇಳು? 24ಕ್ಕೆ ಆಟ ಬಿಟ್ಟೆ.

ಈಗ ನಿನ್ನ ಪ್ರಶ್ನೆಯ ಕೊನೆಯ ಸಾಲು: 'ಇದು ತಪ್ಪಿದರೆ ಕರಿಯರ್ ಮುಗೀತು ಅಲ್ವಾ?' ಇದನ್ನು ನಾನು ಒಪ್ಪುವುದೇ ಇಲ್ಲ. ಮಿಡ್‌ಫೀಲ್ಡರ್ ಹಣ್ಣಾಗುವುದೇ ತಡವಾಗಿ. ಸ್ಪೇನ್‌ನ ಮಿಡ್‌ಫೀಲ್ಡರ್ ಅಲೆಕ್ಸಿಯಾ ಪುತೆಯಾಸ್ ವರ್ಷದ ಅತ್ಯುತ್ತಮ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನು ಮೊದಲ ಸಲ ಗೆದ್ದಾಗ ಅವರಿಗೆ 27. 2022ರ ಜುಲೈನಲ್ಲಿ, ಯೂರೋ ಕಪ್ ಶುರುವಾಗುವ ಹೊಸ್ತಿಲಲ್ಲಿ, ಅವರಿಗೂ ಎಸಿಎಲ್ ಹೋಯಿತು. ಮತ್ತೆ ಮೈದಾನಕ್ಕೆ ಇಳಿದಿದ್ದು ಸುಮಾರು 10 ತಿಂಗಳ ಮೇಲೆ, 2023ರ ಏಪ್ರಿಲ್ ಕೊನೆಗೆ. ಅದೇ ವರ್ಷ ಸ್ಪೇನ್ ವಿಶ್ವಕಪ್ ಗೆದ್ದಾಗ ತಂಡದಲ್ಲಿದ್ದರು. ಬ್ರೆಜಿಲ್‌ನ ಫೊರ್ಮೀಗಾ 1995ರಿಂದ 2019ರವರೆಗೆ 7 ವಿಶ್ವಕಪ್ ಆಡಿದರು, ಕೊನೆಯದಕ್ಕೆ ಅವರಿಗೆ 41 ವರ್ಷ! ನೀನು 18ಕ್ಕೇ ಬಾಗಿಲು ಮುಚ್ಚಿತು ಅಂತ ಕೂತಿದ್ದೀಯ.

ಡಾಕ್ಟರ್ 9 ತಿಂಗಳು ಅಂದಿದ್ದು ಸುಮ್ನೆ ಅಲ್ಲ. 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ, 9 ತಿಂಗಳವರೆಗೆ ಕಾಯುವ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುವುದು ಕಂಡುಬಂತು. ನಿನಗೆ ಬಾಕಿ ಇರುವುದು ಬರೀ ಮೂರು ತಿಂಗಳು. ಕೋಚ್ ಏನಾದರೂ ಅಂದುಕೊಳ್ಳಲಿ. ಬಾ ಅಂದವರು ನನ್ನ ಎರಡನೇ ಆಪರೇಷನ್ ಆದಮೇಲೆ ಒಂದು ಫೋನ್ ಮಾಡಿದರು, ಅಷ್ಟೇ.

ಮುಂದಿನ ವಾರ ಟೆಸ್ಟ್ ಇದೆ ಅಂತ ಬರೆದಿದ್ದೀಯ. ಚೆನ್ನಾಗಿರುವ ಕಾಲಲ್ಲಿ ಎಷ್ಟು ಆಗುತ್ತೋ ಅಷ್ಟೂ ದೂರ ಹಾರು. ಬಂದ ಅಂಕಿಯನ್ನು ಹಾಗೇ ಡಾಕ್ಟರಿಗೂ ಕ್ಯಾಂಪ್‌ನವರಿಗೂ ಕಳಿಸು. ಆಮೇಲೆ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ನನಗೂ ಬರಿ, ಕಾಯುತ್ತಿರುತ್ತೇನೆ.