ಓದುಗರ ಪ್ರಶ್ನೆ: ಸರಣಿಯನ್ನು ಎಲ್ಲಿ ನಿಲ್ಲಿಸಬೇಕು?

ಫ್ಯಾಂಟಸಿ ಮತ್ತು ವೈಜ್ಞಾನಿಕ ಕಾದಂಬರಿಗಳ ದೊಡ್ಡ ಸರಣಿಗಳ ಬಗ್ಗೆ ಮಂಗಳೂರು, ಉಡುಪಿಯ ಓದುಗರು ಬರೆದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ. ‘ಫೌಂಡೇಶನ್’ನಲ್ಲಿ ಮನುಷ್ಯರೇ ಇಲ್ಲ, ಬರೀ ಮಾತು. ‘ಡ್ಯೂನ್’ ಮೊದಲ ಪುಸ್ತಕ ಅದ್ಭುತ, ಎರಡನೆಯದು ಓದುಗರಿಗೆ ಮಾಡಿದ ಮೋಸ. ‘ವೀಲ್ ಆಫ್ ಟೈಮ್’ ಎಂಟನೇ ಸಂಪುಟದಲ್ಲಿ ಕೈಬಿಟ್ಟೆ. ‘ಗೇಮ್ ಆಫ್ ಥ್ರೋನ್ಸ್’ ಮುಗಿಯದ ಕತೆ, ಹಿಡಿದದ್ದೇ ತಪ್ಪು. ಎಲ್ಲರೂ ಹೊಗಳುವುದು ನನಗೆ ಹಿಡಿಸದಿದ್ದರೆ ನನ್ನ ಓದಿನಲ್ಲೇ ದೋಷವಾ? (ಕಿನ್ನಿಮೂಲ್ಕಿ, ಉಡುಪಿ)

ಉತ್ತರ: ನಿಮ್ಮ ಓದಿನಲ್ಲಿ ದೋಷ ಇಲ್ಲ. ಸರಣಿ ಹಿಡಿದ ಮೇಲೆ ಕೊನೆಯ ಪುಟ ಮುಟ್ಟಲೇಬೇಕು ಎಂಬ ಹಟ ಬಿಟ್ಟರೆ ಸಾಕು. ಎಲ್ಲಿಂದ ಶುರು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿ ನಿಲ್ಲಿಸಬಹುದು ಎಂದು ಕೇಳುವವರು ಕಡಿಮೆ. ಯಕ್ಷಗಾನದಲ್ಲಿ ‘ಅಭಿಮನ್ಯು ಕಾಳಗ’ ಮುಗಿದು ಭಾಗವತರು ಮಂಗಳ ಹಾಡುವಾಗ ಕುರುಕ್ಷೇತ್ರದ ಯುದ್ಧ ಇನ್ನೂ ಐದು ದಿನ ಬಾಕಿ ಇರುತ್ತದೆ. ಆದರೂ ಚೌಕಿಗೆ ಹೋಗಿ ಕತೆ ಅರ್ಧಕ್ಕೇ ನಿಂತಿತು ಎಂದು ಯಾರೂ ದೂರುವುದಿಲ್ಲ. ಪ್ರಸಂಗ ಕಟ್ಟಿದವರು ನಿಲ್ಲುವ ಜಾಗ ನೋಡಿಯೇ ಕಟ್ಟಿರುತ್ತಾರೆ. ಒಳ್ಳೆಯ ಸರಣಿಯಲ್ಲೂ ಅಂಥ ಜಾಗ ಇರುತ್ತದೆ. ಅದು ಗೊತ್ತಿದ್ದರೆ ನಿಮ್ಮ ನಾಲ್ಕು ದೂರುಗಳಲ್ಲಿ ಮೂರು ಕರಗುತ್ತವೆ.

‘ಫೌಂಡೇಶನ್’ ಬಗ್ಗೆ ನೀವು ಹೇಳಿದ್ದು ಮುಕ್ಕಾಲು ಪಾಲು ಸರಿ. ಐಸಾಕ್ ಅಸಿಮೋವ್ ಇದನ್ನು ಕಾದಂಬರಿಯಾಗಿ ಬರೆಯಲಿಲ್ಲ. 1942ರಿಂದ 1950ರವರೆಗೆ ಪತ್ರಿಕೆಯಲ್ಲಿ ಬಿಡಿ ಕತೆಗಳಾಗಿ ಬಂದದ್ದನ್ನು 1951, 1952, 1953ರಲ್ಲಿ ಮೂರು ಪುಸ್ತಕಗಳಾಗಿ ಜೋಡಿಸಿದರು. ಒಂದು ಕತೆಯಿಂದ ಇನ್ನೊಂದಕ್ಕೆ ಹೋಗುವಾಗ ಹತ್ತಾರು ವರ್ಷ ದಾಟಿಬಿಡುತ್ತದೆ. ಪಾತ್ರದ ಪರಿಚಯ ಆಗುವಷ್ಟರಲ್ಲಿ ಆತ ಇತಿಹಾಸದ ಪಾಠವಾಗಿರುತ್ತಾನೆ. ಸಾಮ್ರಾಜ್ಯ ಕುಸಿದ ಮೇಲೆ ಬರುವ 30,000 ವರ್ಷದ ಕತ್ತಲನ್ನು 1,000 ವರ್ಷಕ್ಕೆ ಇಳಿಸಬಹುದೇ ಎಂಬ ಲೆಕ್ಕವೇ ಇಲ್ಲಿ ನಾಯಕ. ನಿಮಗೆ ಮನುಷ್ಯರು ಬೇಕಿದ್ದರೆ ಎರಡನೇ ಪುಸ್ತಕದಲ್ಲಿ ಬರುವ ‘ಮ್ಯೂಲ್’ ಭಾಗ ಓದಿ. ಲೆಕ್ಕಕ್ಕೆ ಸಿಗದ ಒಬ್ಬನೇ ಒಬ್ಬ ಬಂದು ಇಡೀ ಲೆಕ್ಕ ಕೆಡಿಸುತ್ತಾನೆ. ಅಲ್ಲಿ ಬೈಟಾ ಎಂಬ ಹೆಣ್ಣುಮಗಳು ಕೊನೆಯ ಕ್ಷಣದಲ್ಲಿ ತೆಗೆದುಕೊಳ್ಳುವ ತೀರ್ಮಾನಕ್ಕಿಂತ ಜೀವಂತವಾದ ದೃಶ್ಯ ಅಸಿಮೋವ್ ಅವರ ಈ ಸರಣಿಯಲ್ಲಿ ಬೇರೆ ಇಲ್ಲ. ಮೂರನೇ ಪುಸ್ತಕಕ್ಕೆ ನಿಲ್ಲಿಸಿ. 1982ರಿಂದ ಬಂದ ನಾಲ್ಕು ಪುಸ್ತಕಗಳು ಈ ಕತೆಯನ್ನು ಅವರದೇ ರೋಬೋ ಕಾದಂಬರಿಗಳಿಗೆ ಹೊಲಿಯುವ ಕೆಲಸ ಮಾಡುತ್ತವೆ. ರೋಬೋ ಪುಸ್ತಕಗಳನ್ನು ಓದದವರಿಗೆ ಆ ಹೊಲಿಗೆಯ ದಾರ ಮಾತ್ರ ಕಾಣಿಸುತ್ತದೆ.

‘ಡ್ಯೂನ್’ ವಿಷಯದಲ್ಲಿ ಮಾತ್ರ ನಿಮ್ಮ ಅಭಿಪ್ರಾಯ ಒಪ್ಪಲು ಆಗುವುದಿಲ್ಲ. ಮೊದಲ ಪುಸ್ತಕದ ಮೂರು ಭಾಗಗಳಲ್ಲಿ ಮೊದಲ ಭಾಗದ ಕೊನೆಗೆ ಮತ್ತೊಮ್ಮೆ ಹೋಗಿ. ತಂದೆ ಸತ್ತ ರಾತ್ರಿ, ಮರುಭೂಮಿಯ ನಡುವೆ ಪುಟ್ಟ ಡೇರೆಯೊಳಗೆ ಕಥಾನಾಯಕ ಪಾಲ್ ತಾಯಿಯ ಜತೆ ಅಡಗಿ ಕೂತಿದ್ದಾನೆ. ಅಲ್ಲೇ ಅವನಿಗೆ ಮುಂದಿನದು ಕಾಣುತ್ತದೆ: ತನ್ನ ವಂಶದ ಹಸಿರು-ಕಪ್ಪು ಬಾವುಟ ಹಿಡಿದು ಲೋಕಲೋಕ ಸುಡುತ್ತ ಹೋಗುವ ಮತಾಂಧ ಪಡೆ. ಅವನು ಹೆದರುತ್ತಾನೆ. ಗೆಲುವಿನ ಓಟದಲ್ಲಿ ಓದುಗರು ಆ ಹೆದರಿಕೆಯನ್ನು ಮರೆತುಬಿಡುತ್ತಾರೆ. 1969ರ ಎರಡನೇ ಪುಸ್ತಕ ಅದನ್ನೇ ಎತ್ತಿ ಎದುರಿಗಿಡುತ್ತದೆ. ಅದರ ಕೆಲವು ಭಾಗಗಳನ್ನು ಫ್ರಾಂಕ್ ಹರ್ಬರ್ಟ್ ಮೊದಲ ಪುಸ್ತಕ ಮುಗಿಯುವ ಮುಂಚೆಯೇ ಬರೆದಿದ್ದರು. ಗಾತ್ರದಲ್ಲಿ ಮೊದಲನೆಯದರ ಅರ್ಧವೂ ಇಲ್ಲ. ಡೇರೆಯ ಅಧ್ಯಾಯ ಓದಿದ ಮರುದಿನವೇ ಎರಡನೇ ಪುಸ್ತಕ ತೆರೆದು ನೋಡಿ, ಅದು ಮೋಸ ಅನ್ನಿಸುವುದಿಲ್ಲ. ನಿಲ್ಲುವ ಜಾಗ ಅದರ ಕೊನೆಯ ಪುಟ. ನಾಲ್ಕನೆಯದು 3,500 ವರ್ಷ ಮುಂದಕ್ಕೆ ಹಾರುತ್ತದೆ. ಆರನೆಯದು 1985ರಲ್ಲಿ ಬಂತು, ಮರುವರ್ಷ ಲೇಖಕರು ತೀರಿಕೊಂಡರು, ಎಳೆಗಳು ಹಾಗೇ ಉಳಿದವು.

‘ಡ್ಯೂನ್’ ಮೊದಲ ಪುಸ್ತಕವನ್ನು 50ನೇ ಪುಟದಲ್ಲಿ ಬಿಡುವವರಿಗೂ ಒಂದು ಮಾತು. ಅಲ್ಲಿ ತೊಂದರೆ ಕೊಡುವುದು ಹೊಸ ಪದಗಳು. ಪುಸ್ತಕದ ಕೊನೆಯಲ್ಲಿ ಪದಕೋಶ ಇದೆ, ಆದರೆ ಪ್ರತಿ ಪದಕ್ಕೂ ಅಲ್ಲಿಗೆ ಓಡಿದರೆ ಕತೆ ಹರಿದುಹೋಗುತ್ತದೆ. ಮೆಲಾಂಜ್, ಮೆಂಟಾಟ್, ಬೆನೆ ಗೆಸರಿಟ್, ಫ್ರೆಮೆನ್, ಸ್ಟಿಲ್‌ಸೂಟ್, ಈ ಐದನ್ನು ಮೊದಲೇ ನೋಡಿಕೊಳ್ಳಿ, ಉಳಿದದ್ದು ಓದುತ್ತ ತಾನಾಗಿ ತಿಳಿಯುತ್ತದೆ. ಅಮೆರಿಕದ ಓರೆಗನ್ ತೀರದಲ್ಲಿ ಹಾರುವ ಮರಳನ್ನು ಹುಲ್ಲು ನೆಟ್ಟು ಹಿಡಿದು ನಿಲ್ಲಿಸುವ ಕೆಲಸ ನೋಡಿ ಹರ್ಬರ್ಟ್‌ಗೆ ಈ ಕತೆ ಹೊಳೆದದ್ದು. ಕಡಲ ತೀರದಲ್ಲಿ ಗಾಳಿಮರ ನೆಡುವುದನ್ನು ನೋಡಿ ಬೆಳೆದ ನಮಗೆ ಕತೆಯ ಮರಳುಗಾಡಿನ ಗ್ರಹ ಅರಾಕಿಸ್ ಅಷ್ಟೇನೂ ದೂರದ ಲೋಕವಲ್ಲ.

‘ವೀಲ್ ಆಫ್ ಟೈಮ್’ ನೀವು ಎಂಟರಲ್ಲಿ ಬಿಟ್ಟದ್ದು ಸಹಜ. 14 ಸಂಪುಟ, ಹಿನ್ನೆಲೆ ಕತೆ ಒಂದು, ಸುಮಾರು 44 ಲಕ್ಷ ಪದ. ನಿಮಿಷಕ್ಕೆ 200 ಪದದಂತೆ ದಿನಕ್ಕೆ ಒಂದು ಗಂಟೆ ಓದಿದರೂ ಪೂರ್ತಿ ಒಂದು ವರ್ಷ ಬೇಕು. ಏಳರಿಂದ ಹತ್ತರವರೆಗೆ ಬಂಡಿ ಕೆಸರಿನಲ್ಲಿ ಹೂತಿದೆ. ಅತಿ ನಿಧಾನದ್ದು 2003ರ ಹತ್ತನೆಯದು. ಒಂಬತ್ತರ ಕೊನೆಯಲ್ಲಿ ದೊಡ್ಡ ಘಟನೆಯೊಂದು ನಡೆಯುತ್ತದೆ. ಅದೇ ಹೊತ್ತಿಗೆ ಬೇರೆಯವರೆಲ್ಲ ಎಲ್ಲೆಲ್ಲಿ ಇದ್ದರು ಎಂದು ಹೇಳುವುದರಲ್ಲೇ ಹತ್ತರ ಬಹುಪಾಲು ಕಳೆದುಹೋಗುತ್ತದೆ. ಮತ್ತೆ ಹಿಡಿಯುವ ಮನಸ್ಸಿದ್ದರೆ ಎಂಟನ್ನು ಮುಗಿಸಿ, ಒಂಬತ್ತರ ಕೊನೆಯ ಅಧ್ಯಾಯಗಳನ್ನು ನಿಧಾನಕ್ಕೆ ಓದಿ, ಹತ್ತನ್ನು ಸಾರಾಂಶದಲ್ಲಿ ದಾಟಿ ಹನ್ನೊಂದಕ್ಕೆ ಬನ್ನಿ. ಅಲ್ಲಿ ಬಂಡಿ ಮತ್ತೆ ಓಡುತ್ತದೆ. ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡ ಮೇಲೆ ಅವರ ಟಿಪ್ಪಣಿಗಳಿಂದ ಕೊನೆಯ ಮೂರು ಸಂಪುಟಗಳನ್ನು ಬ್ರಾಂಡನ್ ಸ್ಯಾಂಡರ್ಸನ್ ಬರೆದರು, 2013ರಲ್ಲಿ ಮುಗಿಯಿತು. ನಡುವೆ ನಿಲ್ಲುವ ಜಾಗ ಈ ಸರಣಿಯಲ್ಲಿ ಇಲ್ಲ. ಇದು ಅದರ ದೊಡ್ಡ ಕೊರತೆ. ಮೊದಲ ಮೂರು ಓದುವಾಗ ನಾಲ್ಕನೆಯದಕ್ಕೆ ಮನಸ್ಸು ತುಡಿಯದಿದ್ದರೆ ಅಲ್ಲೇ ಬಿಡುವುದು ಲೇಸು.

ಇನ್ನು ‘ಗೇಮ್ ಆಫ್ ಥ್ರೋನ್ಸ್’. ಐದನೇ ಪುಸ್ತಕ ಬಂದದ್ದು 2011ರಲ್ಲಿ, ಆರನೆಯದಕ್ಕೆ ಜನ ಕಾಯುತ್ತಲೇ ಇದ್ದಾರೆ. ಆದರೂ ಶುರು ಮಾಡಿದ್ದು ತಪ್ಪಲ್ಲ. ಜಾರ್ಜ್ ಮಾರ್ಟಿನ್ ಮೂರನೇ ಪುಸ್ತಕದ ನಂತರ ಕತೆಯನ್ನು ಐದು ವರ್ಷ ಮುಂದಕ್ಕೆ ಒಯ್ಯಲು ಯೋಚಿಸಿದ್ದರು, ಆಮೇಲೆ ಕೈಬಿಟ್ಟರು. ಆ ಯೋಜನೆಯ ಗುರುತು ಮೂರರ ಕೊನೆಯಲ್ಲಿ ಉಳಿದಿದೆ: ಎಷ್ಟೋ ಲೆಕ್ಕ ಚುಕ್ತಾ ಆಗಿ ಒಂದು ದೊಡ್ಡ ಉಸಿರು ಬಿಡುವ ಜಾಗ. ಅಲ್ಲಿ ಮಂಗಳ ಹಾಡಿ. ಮುಂದೆ ಹೋಗುವುದೇ ಆದರೆ, ನಾಲ್ಕು ಮತ್ತು ಐದು ಒಂದೇ ಕಾಲದಲ್ಲಿ ಬೇರೆ ಬೇರೆ ಊರುಗಳಲ್ಲಿ ನಡೆಯುವ ಕತೆ ಎಂದು ನೆನಪಿಡಿ. ನಾಲ್ಕರಲ್ಲಿ ಟಿರಿಯನ್ ಎಂಬ ಮುಖ್ಯ ಪಾತ್ರ ಕಾಣದೆ ಸಿಟ್ಟಾಗುವವರಿಗೆ ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು.

ಪ್ರಶ್ನೆ: ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಪುಸ್ತಕ ಐದು ಅನ್ನುತ್ತಾರೆ. ಅಂಗಡಿಯಲ್ಲಿ ಏಳರ ಸೆಟ್ ತೋರಿಸುತ್ತಾರೆ. ಯಾವುದು ಸರಿ? (ಹಂಪನಕಟ್ಟ, ಮಂಗಳೂರು)

ಉತ್ತರ: ಎರಡೂ ಸರಿ. ನಮ್ಮಲ್ಲಿ ಸಿಗುವ ಬ್ರಿಟಿಷ್ ಪೇಪರ್‌ಬ್ಯಾಕ್ ಮುದ್ರಣದಲ್ಲಿ ಮೂರನೆಯದನ್ನೂ ಐದನೆಯದನ್ನೂ ಎರಡೆರಡಾಗಿ ಒಡೆದಿದ್ದಾರೆ. ಬಿಡಿಯಾಗಿ ಕೊಳ್ಳುವಾಗ ಮೂರರ ಮೊದಲ ಭಾಗ ಮಾತ್ರ ತಂದು, ಎರಡನೇ ಭಾಗ ಬಿಟ್ಟು, ನಾಲ್ಕಕ್ಕೆ ಹಾರಿದವರು ಕತೆಯ ಅತಿ ಮುಖ್ಯ ಭಾಗವನ್ನೇ ಕಳೆದುಕೊಳ್ಳುತ್ತಾರೆ. ಬೆನ್ನಿನ ಮೇಲೆ ‘ಪಾರ್ಟ್ ಒನ್’, ‘ಪಾರ್ಟ್ ಟೂ’ ಎಂದಿದೆಯೇ ನೋಡಿ.

ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ ನಕಲಿ ಪ್ರತಿಗಳಲ್ಲಿ ಇನ್ನೊಂದು ಅಪಾಯ ಇದೆ. ಪುಸ್ತಕ 16 ಅಥವಾ 32 ಪುಟಗಳ ಫಾರಂಗಳಾಗಿ ಅಚ್ಚಾಗುವುದರಿಂದ ಒಂದು ಫಾರಂ ತಪ್ಪಿದರೆ ಅಷ್ಟೂ ಪುಟ ಒಟ್ಟಿಗೆ ಮಾಯ. ಇನ್ನೊಂದು ಫಾರಂ ಎರಡು ಸಲ ಸೇರಿರುವುದೂ ಉಂಟು. ಹಣ ಕೊಡುವ ಮುಂಚೆ ಹೆಬ್ಬೆರಳಿನಿಂದ ಪುಟ ಸಂಖ್ಯೆ ಓಡಿಸಿ ನೋಡಿ. ಅಕ್ಷರ ಜೆರಾಕ್ಸ್‌ನಂತೆ ಮಸುಕಾಗಿದ್ದರೆ, ಸಾಲು ಓರೆಯಾಗಿದ್ದರೆ ಬೇಡ. ನಾಲ್ಕು ನೂರು ಪುಟ ಓದಿ ಸರಿಯಾದ ಹೊತ್ತಿನಲ್ಲಿ ಕತೆ ತುಂಡಾದರೆ ಆಗುವ ಸಂಕಟದ ಮುಂದೆ ಉಳಿದ ಹಣ ಏನೂ ಅಲ್ಲ.

ಪ್ರಶ್ನೆ: ಮಗಳಿಗೆ 12 ವರ್ಷ, ಕನ್ನಡ ಮಾಧ್ಯಮ. ‘ಹ್ಯಾರಿ ಪಾಟರ್’ ಕೊಡಿಸಲೇ? ಬೇರೆ ಏನಾದರೂ ಇದೆಯೇ? (ಕದ್ರಿ, ಮಂಗಳೂರು)

ಉತ್ತರ: ಕೊಡಿಸಿ. ಆದರೆ ಏಳನ್ನೂ ಒಟ್ಟಿಗೆ ಬೇಡ. ಬ್ರಿಟಿಷ್ ಮುದ್ರಣದಲ್ಲಿ ಮೊದಲನೆಯದು 223 ಪುಟ, ಐದನೆಯದು 766. ಪುಟದ ಜತೆ ಕತ್ತಲೂ ಬೆಳೆಯುತ್ತದೆ, ನಾಲ್ಕರಿಂದ ಸಾವುಗಳು ಹೆಚ್ಚುತ್ತವೆ. ಈ ವರ್ಷ ಮೂರು ಸಾಕು.

ಅದಕ್ಕಿಂತ ಮುಂಚೆ ಉರ್ಸುಲಾ ಲ ಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ (1968) ಕೈಗೆ ಕೊಟ್ಟರೆ ಇನ್ನೂ ಸಂತೋಷ. ಸಣ್ಣ ಪುಸ್ತಕ, ಹತ್ತೇ ಅಧ್ಯಾಯ. ನಾಯಕ ಗೆಡ್ ಕಂದು ಮೈಬಣ್ಣದ, ದ್ವೀಪದ ಹಳ್ಳಿಯ ಹುಡುಗ. ಅಲ್ಲಿ ಮಂತ್ರ ಎಂದರೆ ವಸ್ತುವಿನ ನಿಜವಾದ ಹೆಸರು ತಿಳಿಯುವುದು. ಒಂಟಿ ಗೋಪುರವೊಂದರಲ್ಲಿ ಗುರು ಹೆಸರುಗಳ ಪಟ್ಟಿ ಕೊಡುತ್ತಾರೆ. ನಡುರಾತ್ರಿಗೆ ಶಾಯಿ ಅಳಿಸಿಹೋಗುತ್ತದೆ, ಅಷ್ಟರಲ್ಲಿ ಬಾಯಿಪಾಠ ಆಗಿರಬೇಕು. ಕತ್ತಲಾದ ಮೇಲೆ ಹಾವಿನ ಹೆಸರೆತ್ತದೆ ‘ಹುಳ’ ಎನ್ನುವ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಓದಿಸುವ ಕ್ರಮ ಹೀಗೆ: ವಾರಕ್ಕೆ ಒಂದು ಅಧ್ಯಾಯ, ಮೊದಲೆರಡನ್ನು ನೀವು ಗಟ್ಟಿಯಾಗಿ ಓದಿ ಹೇಳಿ. ಮೊದಲ ಪುಟಗಳಲ್ಲಿ ಊರಿನ ಹೆಸರು ಜಾಸ್ತಿ, ಎದುರಿಗೆ ನಕ್ಷೆ ಬಿಚ್ಚಿಡಿ. ಒಂದು ಪುಟದಲ್ಲಿ ಗೊತ್ತಿಲ್ಲದ ಪದ ಐದಕ್ಕಿಂತ ಹೆಚ್ಚಾದರೆ ಆರು ತಿಂಗಳು ಬಿಟ್ಟು ನೋಡಿ. ನಿಘಂಟು ಅಧ್ಯಾಯ ಮುಗಿದ ಮೇಲೆ ಮಾತ್ರ. ಇವಳ ಓದಿಗೆ ನಿಲ್ಲುವ ಜಾಗ ಮೂರನೇ ಪುಸ್ತಕ (1972). ನಾಲ್ಕನೆಯದು 18 ವರ್ಷದ ನಂತರ ಬಂದದ್ದು, ದೊಡ್ಡವರ ನೋವಿನ ಕತೆ.

ಕನ್ನಡದಲ್ಲಿ ಪಕ್ಕಕ್ಕೇ ತೇಜಸ್ವಿಯವರ ‘ಕರ್ವಾಲೊ’ (1980) ಇಡಿ. ಹಾರುವ ಓತಿ ಹುಡುಕಿ ಕಾಡಿಗೆ ಹೊರಡುವ ಆ ಕತೆಯಲ್ಲಿ ವಿಜ್ಞಾನದ ಬೆರಗು ಇರುವಷ್ಟು ದೊಡ್ಡ ದೊಡ್ಡ ಸರಣಿಗಳಲ್ಲೂ ಇಲ್ಲ.

ಪ್ರಶ್ನೆ: ‘ನಾರ್ನಿಯಾ’ ಸೆಟ್‌ನಲ್ಲಿ ಒಂದು ನಂಬರ್ ಇದೆ, ಗೆಳತಿ ಬೇರೆ ಕ್ರಮ ಹೇಳುತ್ತಾಳೆ. ‘ತ್ರೀ ಬಾಡಿ ಪ್ರಾಬ್ಲಮ್’ಗೂ ಹೀಗೇ ಗೊಂದಲ ಇದೆಯಂತೆ. (ಮಣಿಪಾಲ)

ಉತ್ತರ: ಗೆಳತಿಯ ಮಾತು ಕೇಳಿ. ಸೆಟ್‌ನ ನಂಬರ್ ಕತೆಯೊಳಗಿನ ಕಾಲದ ಪ್ರಕಾರ. 1950ರಲ್ಲಿ ಮೊದಲು ಬಂದದ್ದು ಕಪಾಟಿನ ಬಾಗಿಲು ತೆಗೆದು ಹಿಮಕ್ಕೆ ಕಾಲಿಡುವ ಕತೆ. ಆ ಹಿಮದ ಕಾಡಿನ ನಡುವೆ ಕಾಣುವ ದೀಪದ ಕಂಬ ಅಲ್ಲಿಗೆ ಹೇಗೆ ಬಂತು ಎಂಬ ಉತ್ತರವನ್ನು ಮೊದಲೇ ಓದಿದರೆ ಬೆರಗು ಹಾಳು. ಯಾವ ಸರಣಿಗಾದರೂ ಪ್ರಕಟವಾದ ಕ್ರಮವೇ ಮೊದಲ ಓದಿಗೆ ಸುರಕ್ಷಿತ.

‘ತ್ರೀ ಬಾಡಿ ಪ್ರಾಬ್ಲಮ್’ ಬರೆದ ಲಿಯು ಸಿಶಿನ್ ಅವರ ಮೂರು ಪುಸ್ತಕಗಳ ಕ್ರಮದಲ್ಲಿ ಗೊಂದಲ ಇಲ್ಲ. ಗೊಂದಲ ಇರುವುದು ಮೊದಲನೆಯದರ ಒಳಗೆ. ಚೀನಾದ ಸಾಂಸ್ಕೃತಿಕ ಕ್ರಾಂತಿಯ ದೃಶ್ಯಗಳು ಮೂಲ ಪುಸ್ತಕದ ನಡುವೆ ಇದ್ದವು, 2014ರ ಇಂಗ್ಲಿಷ್ ಅನುವಾದದಲ್ಲಿ ಅವೇ ಆರಂಭ. ಈ ಜೋಡಣೆಯೇ ನಮಗೆ ಒಳ್ಳೆಯದು. ವಿಜ್ಞಾನಿ ಹೆಣ್ಣುಮಗಳೊಬ್ಬಳು ಮನುಷ್ಯಕುಲದ ಮೇಲೆ ಯಾಕೆ ನಂಬಿಕೆ ಕಳೆದುಕೊಂಡಳು ಎಂದು ಗೊತ್ತಿದ್ದರೆ ಮುಂದಿನ ಭೌತಶಾಸ್ತ್ರಕ್ಕೆ ಜೀವ ಬರುತ್ತದೆ. ಎರಡನೇ ಪುಸ್ತಕದ ಕೊನೆ ಸರಣಿಯಲ್ಲೇ ಗಟ್ಟಿಯಾದದ್ದು, ಅಲ್ಲಿ ನಿಲ್ಲಿಸಿದರೂ ಕತೆ ಪೂರ್ತಿ ಆದಂತೆಯೇ.

ಪ್ರಶ್ನೆ: ದಪ್ಪ ಪುಸ್ತಕಗಳ ಬೆನ್ನು ಒಡೆಯುತ್ತದೆ. ಆಟಿಯ ಮಳೆ ಬಂದರೆ ಎಲ್ಲದಕ್ಕೂ ಬೂಸ್ಟು. ಏನು ಮಾಡಲಿ? (ಮಲ್ಪೆ)

ಉತ್ತರ: ಹೊಸ ಪುಸ್ತಕವನ್ನು ನಡುವೆ ತೆರೆದು ಒತ್ತಬೇಡಿ, ಅಂಟು ಅಲ್ಲೇ ಸೀಳುತ್ತದೆ. ಬೆನ್ನನ್ನು ಮೇಜಿನ ಮೇಲೆ ಇಟ್ಟು, ಮುಂದಿನಿಂದ 20 ಪುಟ ಮಗುಚಿ ಬೆರಳಿನಿಂದ ಮೆಲ್ಲಗೆ ಸವರಿ, ಹಿಂದಿನಿಂದ 20 ಪುಟ ಮಗುಚಿ ಸವರಿ. ಹೀಗೆ ಎರಡು ಕಡೆಯಿಂದ ನಡುವಿಗೆ ಬನ್ನಿ. ಐದು ನಿಮಿಷದ ಕೆಲಸ.

ಬೂಸ್ಟಿಗೆ ಕಾರಣ ತೇವ ಮತ್ತು ಗಾಳಿ ಆಡದಿರುವುದು. ಮಳೆ ಹೊಡೆಯುವ ಪಡುವಣ ಗೋಡೆಗೆ ಕಪಾಟು ತಾಗಿಸಬೇಡಿ, ಕನಿಷ್ಠ ಮೂರು ಇಂಚು ಬಿಡಿ. ಪುಸ್ತಕ ಒತ್ತೊತ್ತಾಗಿ ಜೋಡಿಸಬೇಡಿ. ಮುಚ್ಚಿದ ಕಪಾಟಿನ ಪ್ರತಿ ಅಂತಸ್ತಿಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹರಳು ಸುಮಾರು 100 ಗ್ರಾಂ ಬಟ್ಟೆಯ ಚೀಲದಲ್ಲಿಡಿ, ಬಣ್ಣ ಬದಲಾದಾಗ ತೆಗೆದು ಒಣಗಿಸಿ ಮತ್ತೆ ಇಡಿ. ಒಣಗಿಸದೆ ಬಿಟ್ಟರೆ ಅದು ಏನೂ ಮಾಡುವುದಿಲ್ಲ. ಸ್ವಲ್ಪವೂ ತೇವ ಇರುವ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ಬೂಸ್ಟಿಗೆ ಮನೆ ಕಟ್ಟಿಕೊಟ್ಟಂತೆ.

ಬೂಸ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಕಾಗದದ ಒಳಕ್ಕೆ ಇಳಿಯುತ್ತದೆ. ಮೊದಲು ಫ್ಯಾನಿನ ಕೆಳಗೆ ನೆರಳಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಜಗಲಿಯಿಂದ ಹೊರಗೆ ನಿಂತು, ಮೂಗಿಗೆ ಮಾಸ್ಕ್ ಕಟ್ಟಿ, ಮೆತ್ತನೆಯ ಬ್ರಷ್‌ನಿಂದ ಬೆನ್ನಿನಿಂದ ಅಂಚಿನ ಕಡೆಗೆ ಒರೆಸಿ. ಸುಡುಬಿಸಿಲಿಗೆ ಹಾಕಿದರೆ ಅಂಟು ಬಿರಿದು ರಟ್ಟು ಸುರುಟುತ್ತದೆ. ಪೂರ್ತಿ ನೆನೆದದ್ದಾದರೆ ಪ್ರತಿ 20 ಪುಟಕ್ಕೆ ಒಂದು ಬಿಳಿ ಟಿಶ್ಯೂ ಇಟ್ಟು ಎರಡು ಗಂಟೆಗೊಮ್ಮೆ ಬದಲಿಸಿ. ಅದಕ್ಕೆ ಆ ದಿನ ಪುರುಸೊತ್ತು ಇಲ್ಲದಿದ್ದರೆ ಪುಸ್ತಕವನ್ನು ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಬೂಸ್ಟು ಅಲ್ಲಿಗೇ ನಿಲ್ಲುತ್ತದೆ, ಬಿಸಿಲು ಬಿದ್ದ ದಿನ ತೆಗೆದು ನೆರಳಿನಲ್ಲಿ ಒಣಗಿಸಬಹುದು.