ಮೇಲ್ ಎರಡೆರಡು ಸಲ ಹೋದದ್ದೇಕೆ? ಒಂದು ಆಪ್ತಸಲಹೆ ಪ್ರಕರಣ

ಸಲಹೆಗೆ ಬಂದವರು ಜಾವಾ ಡೆವಲಪರ್. ಗುರುತು ಸಿಗುವ ವಿವರಗಳನ್ನು ಬದಲಿಸಿದೆ. ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್‌ನಲ್ಲಿ ಕಟ್ಟಿದ ಇವರ ಅಪ್ಲಿಕೇಶನ್‌ನಿಂದ ರಾತ್ರಿ ಹೋಗುವ ರಿಪೋರ್ಟ್ ಮೇಲ್ ಎರಡೆರಡು ಸಲ ಹೋಗುತ್ತಿತ್ತು. ಮೇಲ್ ಕೋಡನ್ನು ತಿದ್ದಿ ತಿದ್ದಿ ಸುಸ್ತಾಗಿದ್ದರು. "ಈ ಕೆಲಸ ನನಗೆ ಒಗ್ಗೋದಿಲ್ಲ ಅನ್ಸುತ್ತೆ" ಎಂಬಲ್ಲಿಗೆ ಮಾತು ಬಂದಿತ್ತು.

ಇದಕ್ಕೂ ಮುಂಚೆ ಏನನ್ನು ಬದಲಾಯಿಸಿದಿರಿ ಎಂದು ಕೇಳಿದಾಗ ಎಳೆ ಸಿಕ್ಕಿತು. ಅಪ್ಲಿಕೇಶನ್ ಓಡಿಸುವ ಸರ್ವರ್ ಟಾಮ್‌ಕ್ಯಾಟ್ ಶುರುವಾಗುವಾಗ, ಅಪ್ಲಿಕೇಶನ್‌ನ ವೆಬ್-ಇನ್ಫ್ ಫೋಲ್ಡರ್ ಒಳಗೆ ಸ್ಪ್ರಿಂಗ್‌ನ ಕಾನ್ಫಿಗರೇಶನ್ ಫೈಲಾದ ಅಪ್ಲಿಕೇಶನ್‌ಕಾಂಟೆಕ್ಸ್ಟ್.ಎಕ್ಸ್‌ಎಂಎಲ್ ಇಲ್ಲವೆಂದು ಫೈಲ್‌ನಾಟ್‌ಫೌಂಡ್‌ಎಕ್ಸೆಪ್ಶನ್ ಬಂದಿತ್ತಂತೆ. ಹೇಗಾದರೂ ಎರರ್ ಹೋದರೆ ಸಾಕೆಂದು ಫೈಲಿನ ಪಾತನ್ನು (ಅದು ಇರುವ ಜಾಗ) ವೆಬ್ ಅಪ್ಲಿಕೇಶನ್‌ನ ಸೆಟ್ಟಿಂಗ್ ಫೈಲಾದ ವೆಬ್.ಎಕ್ಸ್‌ಎಂಎಲ್‌ನಲ್ಲಿ ಎರಡು ಕಡೆ ಕೊಟ್ಟಿದ್ದರು: ಅಪ್ಲಿಕೇಶನ್ ಶುರುವಾಗುವಾಗ ಓಡುವ ಲಿಸನರ್ ಓದುವ ಕಾಂಟೆಕ್ಸ್ಟ್-ಪ್ಯಾರಮ್‌ನಲ್ಲಿ ಒಮ್ಮೆ, ವೆಬ್ ಕೋರಿಕೆಗಳನ್ನು ಪಡೆಯುವ ಡಿಸ್ಪ್ಯಾಚರ್‌ಸರ್ವ್ಲೆಟ್‌ನ ಇನಿಟ್-ಪ್ಯಾರಮ್‌ನಲ್ಲಿ ಇನ್ನೊಮ್ಮೆ.

ತೊಂದರೆಯ ಬೇರು ಅಲ್ಲಿದೆ. ಆ ಲಿಸನರ್, ಅಂದರೆ ಕಾಂಟೆಕ್ಸ್ಟ್‌ಲೋಡರ್‌ಲಿಸನರ್, ಒಂದು ಕಂಟೇನರ್ (ಬೀನ್‌ಗಳನ್ನು, ಅಂದರೆ ಸ್ಪ್ರಿಂಗ್ ಹುಟ್ಟಿಸಿ ನೋಡಿಕೊಳ್ಳುವ ಆಬ್ಜೆಕ್ಟ್‌ಗಳನ್ನು, ಇಡುವ ಜಾಗ) ಕಟ್ಟುತ್ತದೆ, ಡಿಸ್ಪ್ಯಾಚರ್‌ಸರ್ವ್ಲೆಟ್ ಅದರಡಿ ಮತ್ತೊಂದನ್ನು. ಎರಡೂ ಒಂದೇ ಫೈಲನ್ನು ಓದಿದರೆ ಪ್ರತಿ ಬೀನ್ ಎರಡೆರಡು ಹುಟ್ಟುತ್ತದೆ, ಹೊತ್ತಿಗೆ ಸರಿಯಾಗಿ ಮೇಲ್ ಕೆಲಸ ಶುರುಮಾಡುವ ಶೆಡ್ಯೂಲರ್ ಕೂಡ. ಮೇಲ್ ಕೋಡಿನಲ್ಲಿ ತಪ್ಪೇ ಇರಲಿಲ್ಲ.

ಕೊಟ್ಟ ಸಲಹೆ ಇಷ್ಟು. ಮೊದಲು ಸರ್ವರ್‌ಗೆ ಹಾಕುವ ಅಪ್ಲಿಕೇಶನ್ ಕಟ್ಟು, ಅಂದರೆ ವಾರ್ ಫೈಲನ್ನೇ ಬಿಚ್ಚಿ ನೋಡಿ. ಅದನ್ನು ಕಟ್ಟುವ ಸಾಧನವಾದ ಮೇವನ್‌ನಲ್ಲಿ ರಿಸೋರ್ಸಸ್ ಫೋಲ್ಡರಿನ ಫೈಲು ವೆಬ್-ಇನ್ಫ್/ಕ್ಲಾಸಸ್ ಒಳಗೆ ಹೋಗಿ ಕೂರುತ್ತದೆ. ಏನೂ ಹೇಳದಿದ್ದರೆ ಲಿಸನರ್ ಹುಡುಕುವುದು ನೇರ ವೆಬ್-ಇನ್ಫ್‌ನಲ್ಲಿ. ಹಾಗಾಗಿ ಆ ಕಾಂಟೆಕ್ಸ್ಟ್-ಪ್ಯಾರಮ್‌ನ ಕಾಂಟೆಕ್ಸ್ಟ್‌ಕಾನ್ಫಿಗ್‌ಲೊಕೇಶನ್‌ನಲ್ಲಿ ಫೈಲಿನ ಹೆಸರಿನ ಮುಂದೆ 'ಕ್ಲಾಸ್‌ಪಾತ್:' ಸೇರಿಸಿ. ನಕ್ಷತ್ರ ಹಾಕಿ 'ಕ್ಲಾಸ್‌ಪಾತ್*:' ಎಂದು ಬರೆಯಬೇಡಿ. ಆಗ ಫೈಲು ಸಿಗದಿದ್ದರೂ ಎರರ್ ಬರುವುದಿಲ್ಲ, ಬೀನ್‌ಗಳು ಮಾತ್ರ ಇರುವುದಿಲ್ಲ. ಲಿನಕ್ಸ್ ಸರ್ವರ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂಬುದೂ ನೆನಪಿರಲಿ.

ಸರ್ವಿಸ್, ಡೇಟಾಸೋರ್ಸ್, ಶೆಡ್ಯೂಲರ್ ಲಿಸನರ್‌ನ ಫೈಲಿನಲ್ಲೇ ಇರಲಿ. ಸರ್ವ್ಲೆಟ್‌ಗೆ ಬೇರೆ ಫೈಲು ಕೊಟ್ಟು ಕಂಟ್ರೋಲರ್, ವ್ಯೂ ರಿಸಾಲ್ವರ್‌ಗಳನ್ನಷ್ಟೇ ಇಡಿ. ಕೆಳಗಿನ ಕಂಟೇನರ್‌ಗೆ ಮೇಲಿನದರ ಬೀನ್‌ಗಳು ಕಾಣುತ್ತವೆ, ಮೇಲಿನದಕ್ಕೆ ಕೆಳಗಿನವು ಕಾಣುವುದಿಲ್ಲ. ಸರ್ವ್ಲೆಟ್‌ನ ಫೈಲಿನಲ್ಲಿ ಕಾಂಪೊನೆಂಟ್-ಸ್ಕ್ಯಾನ್ (ಕೋಡಿನಲ್ಲಿ ಬೀನ್‌ಗಳನ್ನು ತಾನೇ ಹುಡುಕುವ ಸೆಟ್ಟಿಂಗ್) ಕಂಟ್ರೋಲರ್ ಪ್ಯಾಕೇಜಿಗೆ ಸೀಮಿತವಾಗಿರಲಿ. ಇಡೀ ಮೂಲ ಪ್ಯಾಕೇಜನ್ನು ಅಲ್ಲೂ ಸ್ಕ್ಯಾನ್ ಮಾಡಿದರೆ ಫೈಲು ಬೇರೆಯಾದರೂ ಬೀನ್ ಮತ್ತೆ ಎರಡು. ಹೆಚ್ಚಿನವರು ಎಡವುವುದು ಇಲ್ಲೇ.

ಸರಿಹೋಯಿತೇ ಎಂದು ನೋಡಲು ರಾತ್ರಿವರೆಗೆ ಕಾಯಬೇಕಿಲ್ಲ. ಮೇಲ್ ಕಳಿಸುವ ಬೀನ್ ಸಿದ್ಧವಾದ ಮೇಲೆ ಓಡುವ @ಪೋಸ್ಟ್‌ಕನ್ಸ್ಟ್ರಕ್ಟ್ ಮೆಥಡ್‌ನಲ್ಲಿ ಒಂದು ಸಾಲು ಲಾಗ್ ಹಾಕಿ. ಸರ್ವರ್ ಏಳುವಾಗ ಅದು ಒಂದೇ ಸಲ ಬರಬೇಕು. ಕನ್ಸ್ಟ್ರಕ್ಟರ್‌ನಲ್ಲಿ ಹಾಕಿದರೆ ಹಳೆಯ ಸ್ಪ್ರಿಂಗ್‌ನಲ್ಲಿ ಪ್ರಾಕ್ಸಿಯಿಂದಾಗಿ (ಬೀನ್‌ನ ಮುಂದೆ ಸ್ಪ್ರಿಂಗ್ ನಿಲ್ಲಿಸುವ ಬದಲಿ ಆಬ್ಜೆಕ್ಟ್) ಎರಡು ಸಲ ಬಂದು ದಾರಿ ತಪ್ಪಿಸೀತು.

ಟೀಮ್ ಲೀಡ್‌ಗೆ ಹೇಳಲು ಹಿಂಜರಿಯುತ್ತಿದ್ದರು. ಕ್ಷಮೆ ಕೇಳುವ ಉದ್ದ ಮೇಲ್ ಬೇಡ. ಕಾರಣ, ತಿದ್ದಿದ ಸಾಲು, ಹಳೆಯ ಮತ್ತು ಹೊಸ ಲಾಗ್, ಇಷ್ಟನ್ನೇ ಕಳಿಸಿ ಎಂದು ಸೂಚಿಸಲಾಯಿತು.