ಪ್ರಶ್ನೆ: ‘ರಾತ್ರಿ ಪುಟ ಕಟ್ಟಿ ಮುಗಿಸಿದೆವು’ ಅಂದರೆ ಬೈಂಡಿಂಗಾ?

ಅಲ್ಲ ಸರ್. ಮಡಿಕೇರಿಯ ಹಳೇ ಪತ್ರಿಕೆಯವರ ಬರಹದಲ್ಲಿ ನೀವು ಕಂಡ ಆ ‘ಕಟ್ಟು’ ಮೂಲದಲ್ಲಿ ಅಕ್ಷರಶಃ ದಾರದಿಂದ ಕಟ್ಟುವುದೇ. ಮೊಳೆ (ಅಚ್ಚಿನ ಬಿಡಿ ಲೋಹದ ಅಕ್ಷರ) ಜೋಡಿಸಿ, ಕರಡು ತಿದ್ದಿದ ಮೇಲೆ ಪುಟದಳತೆಗೆ ಕೂಡಿಸಿ, ಸುತ್ತಲೂ ನಾಲ್ಕೈದು ಸುತ್ತು ದಾರ ಬಿಗಿಯುತ್ತಿದ್ದರು. ಗಂಟು ಹಾಕುವಂತಿಲ್ಲ, ತುದಿಯನ್ನು ಮೂಲೆಯಲ್ಲಿ ಸುತ್ತುಗಳ ಅಡಿಗೆ ತೂರಿಸಬೇಕು. ಕಬ್ಬಿಣದ ಚೌಕಟ್ಟಿನೊಳಗೆ ಇಟ್ಟ ಮೇಲೆ ಎಳೆದರೆ ದಾರ ಸಲೀಸಾಗಿ ಬಿಚ್ಚಿಬರಬೇಕಲ್ಲ! ಬಿಗಿ ಸಾಲದಿದ್ದರೆ ಎತ್ತುವಾಗ ಅಂಚಿನ ಮೊಳೆಗಳು ಉದುರಿ, ಇಡೀ ಕಾಲಂ ಮತ್ತೆ ಜೋಡಿಸುವ ಶಿಕ್ಷೆ. ಕೊಡಗಿನ ಮಳೆಗಾಲದಂಥ ತೇವದಲ್ಲಿ ಇನ್ನೊಂದು ಕಾಟ: ಚೌಕಟ್ಟಿನ ಸಂದಿಗೆ ತುಂಬುವ ಮರದ ಪಟ್ಟಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಪುಟ ಸಡಿಲಾಗುತ್ತದೆ.

ಓದುವಾಗ ಕರ್ಮಪದ ನೋಡಿ. ‘ಚಂದಾ ಕಟ್ಟಿ’ ಅಂದರೆ ಹಣ ಪಾವತಿ. ‘ಬಸ್ಸಿಗೆ ಕಟ್ಟು ಕಟ್ಟಿ’ ಅಂದರೆ ಪ್ರತಿಗಳ ಬಂಡಲು. ‘ಪತ್ರಿಕೆ ಕಟ್ಟಿದರು’ ಅಂದರೆ ಬೆಳೆಸಿದರು. ‘ಸುದ್ದಿ ಕಟ್ಟಿದರು’ ಅಂತ ಸಿಕ್ಕರೆ ಮಾತ್ರ ಹುಷಾರು, ಅದು ಬೈಗುಳ! ಮೊಳೆಯ ಬದಲು ಫಲಕದಿಂದ ಇಡೀ ಪುಟ ಮುದ್ರಿಸುವ ಆಫ್‌ಸೆಟ್ ಬಂದ ಮೇಲೆ ದಾರ ಹೋಯಿತು, ಕ್ರಿಯಾಪದ ಉಳಿಯಿತು. ಹಾಗಾಗಿ ನಿಮ್ಮ ಬರಹ ಯಾವ ಕಾಲದ್ದೆಂದು ‘ಕಟ್ಟು’ ಒಂದರಿಂದಲೇ ಹೇಳಲಾಗದು. ಪಕ್ಕದಲ್ಲಿ ‘ಮೊಳೆ’ ಇದೆಯಾ ನೋಡಿ, ಇದ್ದರೆ ಅದು ದಾರದ ಕಟ್ಟೇ.